ಗುಲಾಬಿಯ ಪರವಾಗಿ

ಸಂಸಾರ ಹೂಡಿ ಇಷ್ಟು ವರ್ಷವಾದರೂ ನಮ್ಮ ಕಾಂಪೌಂಡರ್ ಮಹಾಶಯರಿಗೆ ಹೆಂಡತಿಯ ಬಾಯಿಂದ ಒಂದು ಸಲವಾದರೂ ‘ಬಂಗಾರ’ ಅನ್ನಿಸಿಕೊಳ್ಳುವ ಯೋಗ ಕೂಡಿಬಂದಿರಲಿಲ್ಲ. ಆ ಯೋಗವೆಲ್ಲ ಬಾಲ್ಕನಿಯಲ್ಲಿದ್ದ ಗುಲಾಬಿ ಗಿಡದ ಪಾಲಾಗಿತ್ತು.

ಚಳಿಗಾಲದಲ್ಲಿ ಆ ಗಿಡಕ್ಕೆ ಎಳೆಬಿಸಿಲು ಬೀಳುವ ಮೂಲೆ. ಬೇಸಿಗೆ ಬಂತೆಂದರೆ ಕುಂಡ ನೆರಳಿಗೆ ಸರಿಯುತ್ತಿತ್ತು, ಬೇರು ಕಾಯದಂತೆ ಮಣ್ಣಿನ ಮೇಲೆ ಒಣಗಿದೆಲೆಗಳ ಹೊದಿಕೆ ಬೀಳುತ್ತಿತ್ತು. ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆತೀತೆಂದು ಅಡಿಗೆ ಇಟ್ಟಿಗೆ. ಮಳೆ ಮುಗಿದ ಮೇಲೆ ಕೊಂಬೆ ಸವರಿ, ಬುಡ ಕೆದಕಿ, ಗೊಬ್ಬರ. ಕಾಂಪೌಂಡರಿಗೆ ಮಾತ್ರ ಮೂರೂ ಕಾಲಕ್ಕೂ ಅದೇ ತೂತುಬಿದ್ದ ಕಂಬಳಿ.

“ಗಿಡಕ್ಕಿರೋ ಉಪಚಾರ ನನಗಿಲ್ಲ ನೋಡು,” ಎಂದು ಅವರು ಒಮ್ಮೆ ಬಾಯಿಬಿಟ್ಟು ಕೇಳಿಯೂ ಕೇಳಿದ್ದರು.

“ಅದು ಹೂ ಬಿಡುತ್ತೆ. ನೀವು ಬಿಡೋದು ಬರೀ ಬೊಗಳೆ,” ಎಂದು ಹೆಂಡತಿ ಮೊಕದ್ದಮೆಯನ್ನು ಅಲ್ಲೇ ವಜಾ ಮಾಡಿದ್ದಳು.

ಹೀಗಿರುವಾಗ ದೂರದ ಊರಿನಲ್ಲಿದ್ದ ಮಗಳಿಗೆ ಹೆರಿಗೆಯಾಯಿತು. ಚಳಿ ಕಳೆಯುತ್ತಿದ್ದಂತೆ ಹೆಂಡತಿ ಹೊರಟು ನಿಂತಳು. ಮಳೆ ಶುರುವಾಗುವ ಹೊತ್ತಿಗೆ ವಾಪಸ್ಸು. ಗಂಡನಿಗೆ “ಗ್ಯಾಸ್ ಆರಿಸಿ ಮಲಗಿ” ಎಂಬ ಒಂದೇ ವಾಕ್ಯದ ಬೀಳ್ಕೊಡುಗೆ. ಗಿಡದ ಮುಂದೆ ಮಾತ್ರ ಕಣ್ಣೊರೆಸಿಕೊಂಡು ನಿಂತೇ ನಿಂತಳು. (ಕೆಳಗೆ ಆಟೋದವನು ಹಾರ್ನ್ ಒತ್ತಿ ಒತ್ತಿ ಸುಸ್ತಾಗಿದ್ದ.)

“ಮಿಕ್ಕ ಗಿಡಗಳು ಹೇಗೋ ಬದುಕ್ಕೊಳ್ತವೆ. ಇದಕ್ಕೇನಾದ್ರೂ ಆಯ್ತೋ, ನಾನು ಮಗಳ ಮನೇಲೇ ಇದ್ದುಬಿಡ್ತೀನಿ, ನೋಡ್ತಾ ಇರಿ!”

ಅಂದಿನಿಂದ ದಿನಾ ಸಂಜೆ ಫೋನು. “ಊಟಕ್ಕೇನು?” “ಅನ್ನ.” “ಸರಿ, ಸ್ಪೀಕರ್ ಹಾಕಿ ಫೋನನ್ನ ಗುಲಾಬಿ ಹತ್ರ ಇಟ್ಟು, ನೀವು ಒಳಗೆ ಹೋಗಿ.” ಮಾತಾಡಿಸಿದರೆ ಗಿಡ ಚೆನ್ನಾಗಿ ಬೆಳೆಯುತ್ತದೆಂದು ಆಕೆಗೆ ಯಾರೋ ಹೇಳಿದ್ದರು. ಗಂಡನ ವಿಷಯದಲ್ಲಿ ಹಾಗೆ ಯಾರೂ ಹೇಳಿರಲಿಲ್ಲ.

ಕೆಲವೇ ದಿನಗಳಲ್ಲಿ ಗುಲಾಬಿಯ ಎಲೆಗಳು ಹಳದಿಗೆ ತಿರುಗಿದವು. ಕಾಂಪೌಂಡರ ಎದೆ ಧಸಕ್ಕೆಂದಿತು. ಆದರೆ ಕ್ಲಿನಿಕ್ಕಿನ ಗಾಜಿನ ಕಿಂಡಿಯ ಹಿಂದೆ ಔಷಧಿ ಬೆರೆಸಿ ಬೆರೆಸಿಯೇ ತಲೆಗೂದಲು ನರೆಸಿಕೊಂಡವರು ಅಷ್ಟಕ್ಕೆಲ್ಲ ಹೆದರಿಯಾರೇ? ರೋಗಿಯ ಕಣ್ಣಿನ ರೆಪ್ಪೆ ಎಳೆದು ನೋಡುವಂತೆ ಎಲೆಯನ್ನು ಮಗುಚಿ ನೋಡಿ, “ರಕ್ತಹೀನತೆ!” ಎಂದು ಘೋಷಿಸಿದರು. ಬೆಳಗ್ಗೆ ಮುಚ್ಚಳ ಭರ್ತಿ ಕಬ್ಬಿಣಾಂಶದ ಟಾನಿಕ್, ರಾತ್ರಿ ಪುಡಿ ಮಾಡಿದ ಶಕ್ತಿಮಾತ್ರೆ. ಗುಣ ಕಾಣಲಿಲ್ಲ. ಡೋಸು ಏರಿಸಿದರು. ರೋಗಿ ಕಣ್ಣು ಮುಚ್ಚಿತು.

ಮುಳ್ಳುಕಡ್ಡಿಯಾಗಿದ್ದ ಗಿಡವನ್ನು ಪೇಪರಿನಲ್ಲಿ ಸುತ್ತಿ, ಕಂಕುಳಲ್ಲಿ ಅವುಚಿಕೊಂಡು, ಬೀದಿ ಮೂಲೆಯ ಕಸದ ತೊಟ್ಟಿಗೆ ಹೊರಟರು. ಬಟ್ಟೆ ಒಣಹಾಕುತ್ತಿದ್ದ ಪಕ್ಕದ ಮನೆಯಾಕೆ, “ಏನಣ್ಣಾ ಅದು?” ಎಂದಳು.

“ಹಳೇ ಕೊಡೆ,” ಎಂದರು ಕಾಂಪೌಂಡರು, ಮುಳ್ಳು ಚುಚ್ಚಿದ ನೋವಿಗೆ ಹಲ್ಲು ಕಚ್ಚಿಕೊಂಡು.

ಆ ಸಂಜೆ ಫೋನು ಬಂದಾಗ ನಿಜ ಹೇಳಿಬಿಡೋಣವೆಂದೇ ಬಾಯಿ ತೆರೆದರು. ಆದರೆ ಹೆಂಡತಿ ಶಾಶ್ವತವಾಗಿ ಮಗಳ ಮನೆಯಲ್ಲಿ, ತಾವು ಶಾಶ್ವತವಾಗಿ ಬರೀ ಅನ್ನದಲ್ಲಿ! ತೆಪ್ಪಗೆ ಫೋನನ್ನು ಖಾಲಿ ಕುಂಡದ ಪಕ್ಕ ಇಟ್ಟರು.

“ಬಂಗಾರಾ, ಹೇಗಿದ್ದೀಯಾ?” ಎಂದಿತು ಫೋನು.

ಆಹಾ, ಆ ದನಿ! ಮದುವೆಯಾದ ಹೊಸತರಲ್ಲೂ ಕೇಳಿದ ನೆನಪಿಲ್ಲ. ಒಳಗೆ ಹೋಗಬೇಕಾದವರು ಅಲ್ಲೇ ನಿಂತುಬಿಟ್ಟರು.

“ಬಿಸಿಲಲ್ಲಿ ನಿಂತು ಬಾಡಿಹೋಗ್ಬೇಡ. ನೀರು ಕುಡಿದ್ಯಾ?”

“ಹ್ಞೂಂ,” ಎಂದುಬಿಟ್ಟರು ಕಾಂಪೌಂಡರು.

ಅಂದಮೇಲೆ ನಾಲಿಗೆ ಕಚ್ಚಿಕೊಂಡರು. “ಗಾಳಿ ಜೋರಾಗಿದೆ ಅನ್ಸುತ್ತೆ,” ಎಂದು ಹೆಂಡತಿ ಮಾತು ಮುಂದುವರಿಸಿದಳು. ಸದ್ಯ, ಬದುಕಿಕೊಂಡೆ ಎಂದುಕೊಂಡರು ಕಾಂಪೌಂಡರು.

ಮಾರನೆಯ ದಿನದಿಂದ ಅವರು ಸಂಜೆ ತಲೆ ಬಾಚಿಕೊಂಡು, ಕುಂಡದ ಪಕ್ಕ ಕುರ್ಚಿ ಹಾಕಿಕೊಂಡು ಕೂರತೊಡಗಿದರು.

“ಬಂಗಾರಾ, ನಿನ್ ಹತ್ರ ಮಾತ್ರ ಹೇಳ್ತೀನಿ. ನಮ್ಮೋರ ಮನಸ್ಸು ಬೆಣ್ಣೆ ಕಣೇ. ಆದ್ರೆ ಅಡುಗೆಮನೆ ನಲ್ಲಿ ತೊಟ್ಟಿಕ್ಕೋದು ಮಾತ್ರ ಅವರ ಕಿವಿಗೆ ಬೀಳೋದೇ ಇಲ್ಲ.”

ಬೆಳಗಾಗುವುದರೊಳಗೆ ನಲ್ಲಿಗೆ ಹೊಸ ವಾಷರು ಬಿತ್ತು.

“ನಮ್ಮೋರ ಕೈ ಎಷ್ಟು ಚುರುಕು ಗೊತ್ತಾ? ಮನಸ್ಸು ಮಾಡಿದ್ರೆ ಅಟ್ಟಾನೂ ಒಂದೇ ದಿನದಲ್ಲಿ ಗುಡಿಸಿಬಿಟ್ಟಾರು.” ಗುಡಿಸಿದರು. ಗಂಡನ ಮೂಗು ಎಂಥ ಸುಂದರ ಎಂಬ ಮಾತಿನ ಬೆನ್ನಿಗೇ ಕಿಟಕಿ ಜಾಲರಿಯ ತೂತಿನ ಪ್ರಸ್ತಾಪ ಬಂತು, ತೂತು ಮುಚ್ಚಿತು. ಬೇಸಿಗೆ ಏರಿದಾಗ ಉಳಿದ ಗಿಡಗಳ ಬವಣೆ ಕೇಳಿ, ದಾಸವಾಳವನ್ನು ನೆರಳಿಗೆ ಹೊತ್ತರು, ಮಲ್ಲಿಗೆಗೆ ಹಂದರ ಕಟ್ಟಿದರು, ಬಕೆಟ್ ಹಿಡಿದು ಎರಡು ಹೊತ್ತು ನೀರುಣಿಸಿದರು. ಕೊನೆಗೆ ಮನೆಗೆಲ್ಲ ಬಣ್ಣವನ್ನೂ ಬಳಿದರು. ತಲೆಯೆಲ್ಲ ತಿಳಿಹಸಿರು ಮಾಡಿಕೊಂಡು ಕ್ಲಿನಿಕ್ಕಿಗೆ ಬಂದವರನ್ನು ಕಂಡು ಡಾಕ್ಟರು ಅಪಾಯಿಂಟ್‌ಮೆಂಟ್ ಇಲ್ಲದೆಯೇ ಬಿ.ಪಿ. ನೋಡಿದರು.

ಮಳೆಮೋಡ ಕವಿಯತೊಡಗಿದಂತೆ ಅವರು ಬದಲಿ ಗಿಡದ ಬೇಟೆಗಿಳಿದರು. ಊರಿನ ನರ್ಸರಿಗಳನ್ನೆಲ್ಲ ಜಾಲಾಡಿದರೂ ಅದೇ ಬಣ್ಣದ ಗುಲಾಬಿ ಸಿಗಲಿಲ್ಲ. ಮೊದಲ ಮಳೆ ಬಿದ್ದ ದಿನವೇ ಹೆಂಡತಿಯೂ ಬಂದಿಳಿದಳು. ಹೊಸ ಬಣ್ಣ ನೋಡಿದಳು, ನಲ್ಲಿ ತಿರುಗಿಸಿ ನೋಡಿದಳು, ಸೀದಾ ಬಾಲ್ಕನಿಗೆ ನಡೆದಳು. ಕಾಂಪೌಂಡರು ಕೈಕಟ್ಟಿಕೊಂಡು ಹಿಂದೆ ಬಂದರು.

“ನೋಡೇ... ಬೈಯೋದಾದ್ರೆ ಬೈದುಬಿಡು, ಮಗಳ ಮನೆಗೆ ಮಾತ್ರ ಹೋಗ್ಬೇಡ. ಟಾನಿಕ್ ಹಾಕಿ ನಾನೇ ಕೊಂದೆ.”

“ಗೊತ್ತು.”

“ಯಾವಾಗಿಂದ?”

“ನೀವು ಹಳೇ ಕೊಡೆ ಹೊತ್ಕೊಂಡು ತೊಟ್ಟಿ ಮುಟ್ಟೋದ್ರೊಳಗೇ ಪಕ್ಕದ್ಮನೆ ಅಕ್ಕನ ಫೋನು ಬಂದಿತ್ತು, ಕೊಡೆಗೆ ಮುಳ್ಳಿದೆ ಅಂತ. ಮಧ್ಯಾಹ್ನ ಪೂರ್ತಿ ಕೂತು ಅತ್ತುಬಿಟ್ಟೆ. ನೀವಾಗೇ ಹೇಳ್ತೀರೋ ಇಲ್ವೋ ನೋಡೋಣ ಅಂತ ಸಂಜೆ ಫೋನ್ ಮಾಡಿದೆ. ನೋಡಿದ್ರೆ ಸತ್ತ ಗಿಡ ‘ಹ್ಞೂಂ’ ಅಂತು! ಇಷ್ಟು ವರ್ಷದಲ್ಲಿ ನನ್ನ ಮಾತಿಗೆ ಹ್ಞೂಂ ಅಂದೋರೇ ಅಲ್ಲ ನೀವು. ಅಂಥ ಅವಕಾಶ ಬಿಡೋದುಂಟಾ?”

ಕಾಂಪೌಂಡರಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಆಸೆ ಇಣುಕಿತು. “ಅಂದ್ರೆ, ಬಂಗಾರ, ಮನಸ್ಸು ಬೆಣ್ಣೆ, ಸುಂದರವಾದ ಮೂಗು... ಅದೆಲ್ಲ ನನಗೇ ಅಂತ ಹೇಳಿದ್ದಾ?”

“ಅದಾ? ಅದು ಗೊಬ್ಬರ ಕಣ್ರೀ. ಹದವಾಗಿ ಹಾಕ್ತಾ ಇದ್ರೆ ಎಂಥ ಒಣಕಲೂ ಚಿಗುರುತ್ತೆ.”

ಕಾಂಪೌಂಡರು ಮುಖ ಊದಿಸಿಕೊಂಡು ಒಳಗೆ ಬಂದು ಕೂತರು. ಇನ್ನು ಈ ಮನೆಯಲ್ಲಿ ಒಂದು ಕಡ್ಡಿಯನ್ನೂ ಎತ್ತಿಡಬಾರದೆಂದು ಭೀಷಣ ಶಪಥ ಮಾಡಿದರು. ಬಾಲ್ಕನಿಯಿಂದ ಮೆಲ್ಲನೆ ದನಿ ಕೇಳಿಸಿತು: “ಬಂಗಾರಾ, ಮಾಳಿಗೆ ಮೇಲಿನ ಟ್ಯಾಂಕ್ ನೀರು ಯಾಕೋ ವಾಸನೆ ಬರ್ತಿದೆ ಕಣೋ...”

ಅಷ್ಟರಲ್ಲಿ ಅವರು ಪ್ಯಾಂಟು ಮಡಚಿಕೊಂಡು, ಬ್ರಶ್ಶು ಹಿಡಿದು, ಅರ್ಧ ಮೆಟ್ಟಿಲು ಹತ್ತಿಯಾಗಿತ್ತು.