ರಾಹುಕಾಲ ದಾಟಿದ ಯೂನಿಕ್ಸು

ನೆಟ್ಟಗಿರೋ ಕೆಲಸಕ್ಕೂ ನಾನು ಕೈ ಹಾಕಿದರೆ ಅದಕ್ಕೊಂದು ಬಾಲ ಹುಟ್ಟಿಕೊಳ್ಳುತ್ತೆ. ನನ್ನ ಜಾತಕವೇ ಹಾಗೆ. ಎಂಬತ್ತರ ದಶಕದ ಕೊನೆಯಲ್ಲಿ ಮಧುಗಿರಿಯ ಎಣ್ಣೆ ಮಿಲ್ಲೊಂದಕ್ಕೆ ಯೂನಿಕ್ಸ್ ಕಂಪ್ಯೂಟರ್ ಬಂತು. ಸುತ್ತಲ ನಾಲ್ಕು ತಾಲ್ಲೂಕಿಗೆ ಅದನ್ನು ಬಲ್ಲವನು ನಾನೊಬ್ಬನೇ. ಇನ್ನೊಬ್ಬ ಇದ್ದ ಅಂತಾರೆ, ನಾನು ನಂಬೋದಿಲ್ಲ. ಕಡಲೆಕಾಯಿ ಖರೀದಿಯ ಬಿಲ್ಲು ಹೊಡೆಯೋ ಪ್ರೋಗ್ರಾಮು ಬರೆದದ್ದೂ ನಾನೇ.

ಧಣಿಗಳಿದ್ದದ್ದು ಸಿರಾದಲ್ಲಿ, ಅಲ್ಲೂ ಅವರದೊಂದು ಮಿಲ್ಲು. "ಶುಕ್ರವಾರ ಬರ್ತೀನಿ. ಬಿಲ್ಲು ಸರಿಯಾಗಿ ಬಂದ್ರೆ ಮೆಷಿನ್ ನಿಮ್ದು. ಇಲ್ದಿದ್ರೆ ಸಿರಾಕ್ಕೆ ಸಾಗಿಸ್ತೀನಿ" ಅಂತ ಹೇಳಿ ಕಳಿಸಿದ್ದರು. ಮಧುಗಿರಿಯ ಮಾನ ನನ್ನ ಕೈಯಲ್ಲಿ!

ಖಾಲಿ ಜಾಗ

ಪ್ರೋಗ್ರಾಮಿನ ತುಂಡುಗಳನ್ನು ಹೇಗೆ ಜೋಡಿಸಬೇಕು ಅಂತ ಯೂನಿಕ್ಸಿನೊಳಗಿರೋ 'ಮೇಕ್' ಅನ್ನೋ ಮೇಸ್ತ್ರಿಗೆ ಬರೆದುಕೊಡಬೇಕು. ಕೊರಟಗೆರೆಯಿಂದ ಬರುತ್ತಿದ್ದ ಟೈಪಿಸ್ಟಮ್ಮ ಅದನ್ನು ಮುತ್ತು ಪೋಣಿಸಿದ ಹಾಗೆ ಹೊಡೆದುಕೊಟ್ಟರು. ಮೇಸ್ತ್ರಿ ಮಾತ್ರ ಒಲ್ಲೆ ಅಂದ. ಅರ್ಧ ದಿನ ತಡಕಾಡಿ ಹಿಡಿದೆ: ಸಾಲಿನ ಮೊದಲು ಟ್ಯಾಬ್ ಒತ್ತೋ ಕಡೆ ಆಕೆ ಸ್ಪೇಸ್ ಒತ್ತಿದ್ದರು. ನೋಡೋಕೆ ಎರಡೂ ಬರೀ ಖಾಲಿ.

"ಕಣ್ಣಿಗೆ ಕಾಣ್ದೇ ಇರೋದನ್ನ ತಪ್ಪು ಅಂತೀರಲ್ಲ ಸಾರ್, ನಿಮ್ ಮೆಷಿನ್ಗೆ ಗಾಳಿ ಮೆಟ್ಕೊಂಡೈತೆ!"

ಅಷ್ಟರಲ್ಲಿ ಮ್ಯಾನೇಜರ್ ಬಂದು ತಡ ಯಾಕೆ ಅಂದರು. "ಖಾಲಿ ಜಾಗದ ತಕರಾರು ಸಾರ್" ಅಂದೆ.

"ಅಯ್ಯೋ, ಇದ್ರೊಳಗೂ ಒತ್ತುವರಿ ಮಾಡ್ಬುಟ್ರಾ?"

ಲೈಬ್ರರಿ

ಗಣಿತದ ಸೂತ್ರಗಳೆಲ್ಲ ಯೂನಿಕ್ಸಿನೊಳಗೆ ಒಂದು ಗಂಟಿನಲ್ಲಿರುತ್ತವೆ. ಅದಕ್ಕೆ ಲೈಬ್ರರಿ ಅಂತ ಹೆಸರು. ಅದು ಬೇಕು ಅಂತ ಕಂಪೈಲ್ ಮಾಡೋ, ಅಂದರೆ ಬರೆದದ್ದನ್ನು ಮೆಷಿನ್ ಭಾಷೆಗೆ ತಿರುಗಿಸೋ, ಸಾಲಿನ ಕೊನೆಗೆ ಎರಡಕ್ಷರ ಸೇರಿಸೋದನ್ನ ಮರೆತಿದ್ದೆ.

"ಥತ್, ಲೈಬ್ರರಿ ಸಿಗ್ತಿಲ್ಲ!" ಅಂತ ಗೊಣಗಿದ್ದು ಪಾವಗಡ ಕಡೆಯ ವಾಚ್‌ಮನ್‌ ಕಿವಿಗೆ ಬಿತ್ತು.

"ಎಕ್ಕಡಿಕಿ ಪೋತುಂದಿ ಸಾರೂ, ಎಲ್ಲಿಗೋಗ್ತೈತೆ, ಬಸ್ ಸ್ಟ್ಯಾಂಡ್ ಹಿಂದ್ಗಡೆನೇ ಐತಲ್ಲ!"

ನನ್ನ ನಾಲಿಗೆ ಸುಮ್ಮನಿರುತ್ತಾ? "ಹಂಗಾದ್ರೆ ಹೋಗಿ ಗಣಿತ ಈಸ್ಕೊಂಡು ಬಾರಯ್ಯ" ಅಂದೆ. ಅವನು ಬರೋದರೊಳಗೆ ಎರಡಕ್ಷರ ಸೇರಿಸಿ ಮುಗಿಸಿದ್ದೆ. ಅವನ ಕಂಕುಳಲ್ಲಿ ಏಳನೇ ಕ್ಲಾಸಿನ ಗಣಿತದ ಪುಸ್ತಕ!

"ಸರಿಹೋಯ್ತಾ? ನಂಗೊತ್ತಿತ್ತು ಸಾರೂ. ನಾನು ಪುಸ್ತಕ ಮುಟ್ಟಿದಾಗ್ಲೇ ಸರಿಹೋಗಿರ್ಬೇಕು" ಅಂದ. ಇವತ್ತಿಗೂ ಪಾವಗಡದಲ್ಲಿ ಆ ಪ್ರೋಗ್ರಾಮು ಅವನದ್ದೇ.

ಹಿಂದು ಮುಂದು

ಶುಕ್ರವಾರ ಬಂತು. ಬೆಳಿಗ್ಗೆ ಹತ್ತಕ್ಕೆ ಕಂಪೈಲ್ ಮಾಡಿ ನೋಡಿದರೆ ಬಿಲ್ಲು ಗೌಡಗೆರೆ ರೈತರ ಕಡಲೆಕಾಯಿಯನ್ನು ವೈ.ಎನ್.ಹೊಸಕೋಟೆಯದ್ದು ಅಂತ ತೋರಿಸುತ್ತಿದೆ! ಕಾಫಿ ಕುಡಿದು ಬಂದು ಆ ಸಾಲು ತಿದ್ದಿ, ಮೇಸ್ತ್ರಿಗೆ ಕಟ್ಟಪ್ಪಾ ಅಂದೆ. "ಎಲ್ಲ ಹೊಸದಾಗೇ ಇದೆ, ಕಟ್ಟೋದೇನಿಲ್ಲ" ಅಂತ ಉತ್ತರ. ಮತ್ತೆ ಅಂದೆ. ಮತ್ತದೇ ಉತ್ತರ.

ಕೊನೆಗೆ ಮೆಷಿನ್ನಿನ ಗಡಿಯಾರ ನೋಡಿದೆ. ಗೋಡೆಯ ಮೇಲೆ ಹನ್ನೊಂದು, ಮೆಷಿನ್ನಿನಲ್ಲಿ ಒಂಬತ್ತೂವರೆ! ಯಾವುದು ಹೊಸದು ಅಂತ ಮೇಸ್ತ್ರಿ ತಿಳಿಯೋದೇ ಆ ಗಡಿಯಾರದಿಂದ. ಒಂಬತ್ತೂವರೆಗೆ ತಿದ್ದಿದ್ದು ಹತ್ತಕ್ಕೆ ಕಟ್ಟಿದ್ದಕ್ಕಿಂತ ಹಳೆಯದು ಅಂತ ಅವನ ಲೆಕ್ಕ.

"ತಿರುಗಿಸಿದ್ದು ನಾನೇ ಕಣಯ್ಯ" ಅಂದರು ಹಿಂದೆ ನಿಂತಿದ್ದ ಮ್ಯಾನೇಜರ್. "ಹತ್ತೂವರೆಯಿಂದ ರಾಹುಕಾಲ. ಮೆಷಿನ್ಗೆ ತಟ್ದೇ ಇರ್ಲಿ ಅಂತ ಹಿಂದಕ್ಕೆ ತಿರುಗಿಸ್ಬುಟ್ಟೆ." ಕರೆಂಟ್ ಹೋದಾಗೆಲ್ಲ ಬೇಕಾಗುತ್ತೆ ಅಂತ ಗಡಿಯಾರ ತಿರುಗಿಸೋದನ್ನ ಅವರಿಗೆ ಕಲಿಸಿದ್ದವನು ನಾನೇ!

"ಸರಿಯಾದ ಟೈಮ್ ಇಡ್ತೀನಿ ಸಾರ್."

"ಮುಟ್ಟಬ್ಯಾಡ! ಹನ್ನೆರಡರ ತನಕ ಮುಟ್ಟಬ್ಯಾಡ!"

ಹೊರಗೆ ಧಣಿಗಳ ಜೀಪಿನ ಹಾರನ್. ನನ್ನ ತಲೆ ಇಂಥ ಹೊತ್ತಲ್ಲೇ ಓಡೋದು. "ಸಾರ್, ಹಿಂದಕ್ಕೆ ತಿರುಗಿಸಿದ್ರೆ ರಾಹುಕಾಲ ಎದುರಿಗೇ ಕೂತಿರುತ್ತೆ. ಮುಂದಕ್ಕೆ ತಿರುಗಿಸಿ, ದಾಟೇ ಹೋಗುತ್ತೆ!"

ಅವರ ಮುಖ ಅರಳಿತು. ತಮ್ಮ ಕೈಯಾರೆ ಹನ್ನೆರಡೂವರೆ ಮಾಡಿದರು. ಅದಕ್ಕೆ ಹೊಸ ಟೈಮ್ ಬೀಳಲಿ ಅಂತ ನಾನು ಆ ಸಾಲನ್ನು ಇನ್ನೊಮ್ಮೆ ಸೇವ್ ಮಾಡಿದೆ. ಮೇಸ್ತ್ರಿ ಮೈಮುರಿದು ಎದ್ದ. ಧಣಿಗಳು ಕುರ್ಚಿಯಲ್ಲಿ ಕೂರೋದಕ್ಕೂ ಪ್ರಿಂಟರ್ ಕಿರಗುಟ್ಟೋದಕ್ಕೂ ಸರಿಹೋಯ್ತು: ಗೌಡಗೆರೆ ಕಾಯಿ, ಗೌಡಗೆರೆ ಬಿಲ್ಲು!

"ಶಾಭಾಷ್! ಮೆಷಿನ್ ಇಲ್ಲೇ ಇರ್ಲಿ" ಅಂದರು ಧಣಿ. ನನ್ನ ಎದೆ ಮಧುಗಿರಿ ಬೆಟ್ಟಕ್ಕಿಂತ ಒಂದು ಗೇಣು ಮೇಲೆ. ಅಷ್ಟರಲ್ಲಿ ಅವರು ಬಿಲ್ಲನ್ನೂ ಕೈಗಡಿಯಾರವನ್ನೂ ನೋಡಿ ಹುಬ್ಬು ಗಂಟಿಕ್ಕಿದರು.

"ಅರೆ, ಬಿಲ್ಲಲ್ಲಿ ಹನ್ನೆರಡೂವರೆ ಅಂತೈತೆ. ನನ್ನ ವಾಚಲ್ಲಿ ಇನ್ನೂ ಹನ್ನೊಂದೂಕಾಲು!"

ನಾನು ಬಾಯಿ ತೆರೆಯೋ ಮೊದಲೇ ಮ್ಯಾನೇಜರ್ ಮೀಸೆ ಸವರಿಕೊಂಡು ಅಂದರು:

"ಅದು ಸಿರಾ ಟೈಮು ಧಣಿ. ಮಧುಗಿರಿ ಯಾವತ್ತೂ ಒಂದೂಕಾಲು ಗಂಟೆ ಮುಂದೆ!"