ನೂರೈವತ್ತು ಕುದುರೆಯ ಕೆಂಪು ದೋಣಿ

ಮನುಷ್ಯನಿಗೆ ವೇಗದ ಹುಚ್ಚು ಯಾವ ವಯಸ್ಸಿನಲ್ಲಿ ಹತ್ತಬೇಕು ಎಂಬುದಕ್ಕೆ ಒಂದು ನಿಯಮವಿದ್ದಿದ್ದರೆ ಚೆನ್ನಾಗಿತ್ತು. ಹದಿನೆಂಟರಲ್ಲಿ ಹತ್ತಿದರೆ ಹಿರಿಯರು ಬೈದು ಬಿಡಿಸುತ್ತಾರೆ. ನನಗೆ ಹತ್ತಿದ್ದು ಅರವತ್ತೊಂದರಲ್ಲಿ. ಅಷ್ಟರಲ್ಲಿ ಬೈಯಬೇಕಾದವರೆಲ್ಲ ತೀರಿಕೊಂಡು, ಆ ಕೆಲಸಕ್ಕೆ ಹೆಂಡತಿ ಪದ್ಮ ಒಬ್ಬಳೇ ಉಳಿದಿದ್ದಳು. ಅವಳ ಬೈಗುಳಕ್ಕೋ, ಮೂವತ್ತು ವರ್ಷದ ಸಂಸಾರದಲ್ಲಿ ನನಗೆ ರೋಗನಿರೋಧಕ ಶಕ್ತಿ ಬಂದುಬಿಟ್ಟಿತ್ತು. ನಾನು ಪಶುವೈದ್ಯ. ನಾಗಮಂಗಲ, ಪಾಂಡವಪುರ, ಕೃಷ್ಣರಾಜಪೇಟೆ ಎಂದು ಇಡೀ ಸರ್ವೀಸನ್ನು ಒಂದು ಹಳೆಯ ಸ್ಕೂಟರಿನ ಮೇಲೆ ಕಳೆದವನು. ಅದು ತನ್ನ ಪರಮಾವಧಿ ವೇಗದಲ್ಲಿ ಓಡುವಾಗಲೂ ಸೈಕಲ್ಲಿನವರು ಪಕ್ಕದಲ್ಲೇ ಬರುತ್ತ ‘ಎಮ್ಮೆ ಸೊರವು ಬುಡ್ತಿಲ್ಲ, ಹಾಲೇ ಇಳೀತಿಲ್ಲ ಡಾಕ್ಟ್ರೇ’ ಎಂದು ಕಷ್ಟ ಹೇಳಿಕೊಳ್ಳುತ್ತಿದ್ದರು. ನಾನು ಔಷಧಿಯ ಹೆಸರು ಹೇಳಿ ಮುಗಿಸುವ ಹೊತ್ತಿಗೆ ನನ್ನನ್ನು ದಾಟಿ ಮುಂದೆ ಹೋಗಿರುತ್ತಿದ್ದರು.

ನಿವೃತ್ತನಾದ ಮೇಲೆ ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ಕನ್ನಂಬಾಡಿ ಹಿನ್ನೀರಿನ ಅಂಚಿಗೇ ಒಂದು ಪುಟ್ಟ ಮನೆ ಕಟ್ಟಿಕೊಂಡೆ. ಸರ್ಕಾರ ನನ್ನನ್ನು ಬಿಟ್ಟರೂ ದನಗಳು ಬಿಡಲಿಲ್ಲ. ನೀರಿನ ಆಚೆ ದಡದ ಊರುಗಳಿಂದ ಫೋನು ಬರುತ್ತಲೇ ಇತ್ತು. ನಮ್ಮ ಜಗಲಿಯಲ್ಲಿ ನಿಂತರೆ ಆಚೆ ಮೇಯುವ ಹಸುವಿನ ಬಣ್ಣ ಕಾಣುತ್ತದೆ. ಆದರೆ ರಸ್ತೆಯಲ್ಲಿ ಸುತ್ತಿಕೊಂಡು ಅದರ ಬಾಲ ಹಿಡಿಯಬೇಕಾದರೆ ನನ್ನ ಸ್ಕೂಟರಿಗೆ ಒಂದೂವರೆ ಗಂಟೆ ಬೇಕು. ಹೀಗೆ ಒಂದು ಸಲ ಸುತ್ತಿ ಹೋಗುವಷ್ಟರಲ್ಲಿ ಒಳ್ಳೆಯದೊಂದು ಎಮ್ಮೆ ಹೊಟ್ಟೆಯುಬ್ಬರದಿಂದ ಸತ್ತೇ ಹೋಗಿತ್ತು. ಆದರೂ ಮನೆಯವರು ನನಗೆ ಕಾಫಿ ಕೊಟ್ಟರು. ಲೋಟವನ್ನು ಅಲ್ಲೇ ಇಟ್ಟು ಎದ್ದು ಬಂದೆ. ಅವತ್ತೇ ತೀರ್ಮಾನಿಸಿದೆ: ದೋಣಿ ತೆಗೆದುಕೊಳ್ಳಬೇಕು.

ದೋಣಿ ಎಂದರೆ ನನಗೆ ಗೊತ್ತಿದ್ದದ್ದು ಗಂಜಾಂನ ನಿಮಿಷಾಂಬ ದೇವಸ್ಥಾನದ ಹತ್ತಿರ ಒಮ್ಮೆ ಕೂತಿದ್ದ ಹರಿಗೋಲು ಮಾತ್ರ. ಅದನ್ನು ಅಂಬಿಗ ನಾಲ್ಕು ಸುತ್ತು ತಿರುಗಿಸಿದ್ದಕ್ಕೆ ಅವತ್ತು ದೇವಿಗೆ ಕೈ ಮುಗಿಯುವಾಗ ಮೂರು ದೇವಿಯರು ಕಂಡಿದ್ದರು. ಹೀಗಿರುವಾಗ, ಶ್ರೀರಂಗಪಟ್ಟಣದ ಹತ್ತಿರ ಯಾರೋ ರೆಸಾರ್ಟಿನವರು ನೀರಾಟದ ವಿಭಾಗ ಮುಚ್ಚಿ ದೋಣಿಗಳನ್ನು ಮಾರುತ್ತಿದ್ದಾರೆಂದು ಸುದ್ದಿ ಬಂತು. ಓಡಿದೆ. ಅಲ್ಲಿ ಎರಡು ದೋಣಿಗಳಿದ್ದವು. ಒಂದು ಬಿಳಿಯದು, ಅಗಲವಾಗಿ, ಚಪ್ಪಟೆ ತಳದಲ್ಲಿ, ಸಣ್ಣ ಎಂಜಿನ್ನು ಕಟ್ಟಿಕೊಂಡು, ಹೊಟ್ಟೆ ತುಂಬ ಉಂಡ ಅಜ್ಜಿಯ ಹಾಗೆ ಕೂತಿತ್ತು. ಇನ್ನೊಂದು ಕೆಂಪು. ಮೂಗು ಚೂಪು, ಮೈ ನುಣುಪು. ನಿಂತಲ್ಲೇ ಓಡುತ್ತಿರುವ ಹಾಗೆ ಕಾಣುತ್ತಿತ್ತು. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಪದ್ಮಳನ್ನು ಮೊದಲ ಸಲ ನೋಡಿದಾಗ ಹೀಗಾಗಿತ್ತೋ ಇಲ್ಲವೋ ಈಗ ನೆನಪಿಲ್ಲ, ಆಗಿತ್ತು ಎಂದೇ ಅವಳಿಗೆ ಹೇಳಿದ್ದೇನೆ.

ಮಾರುವವರು ಕರಾವಳಿ ಕಡೆಯ ಮ್ಯಾನೇಜರು, ಸಜ್ಜನರು. “ಮೊದಲ ಬೋಟಿಗೆ ಇದು ಬೇಡ ಮಾರಾಯ್ರೆ. ಬಿಳಿಯದು ತಗೊಳ್ಳಿ. ನೀವು ತಪ್ಪು ಮಾಡಿದರೂ ಅದು ಸುಧಾರಿಸಿಕೊಂಡು ಹೋಗ್ತದೆ. ಈ ಕೆಂಪು ಉಂಟಲ್ಲ, ಇದು ತಪ್ಪನ್ನೂ ಸ್ಪೀಡಾಗಿಯೇ ಮಾಡ್ತದೆ” ಎಂದರು.

“ಎಂಜಿನ್ ಎಷ್ಟು?”

“ನೂರೈವತ್ತು ಕುದುರೆ ಶಕ್ತಿ.”

ನನ್ನ ಇಡೀ ಸರ್ವೀಸಿನಲ್ಲಿ ನಾನು ಚಿಕಿತ್ಸೆ ಮಾಡಿದ ಕುದುರೆಗಳು ಹನ್ನೊಂದು. ಅವುಗಳಲ್ಲಿ ಮೂರು ನನ್ನನ್ನು ಒದ್ದಿದ್ದವು. ಆ ಲೆಕ್ಕದಲ್ಲಿ ನೂರೈವತ್ತಕ್ಕೆ ಎಷ್ಟು ಒದೆ ಎಂದು ಯೋಚಿಸಬೇಕಿತ್ತು, ಯೋಚಿಸಲಿಲ್ಲ. ಹೇಮಗಿರಿಯ ದನಗಳ ಜಾತ್ರೆಯಲ್ಲಿ ಹೊಸದಾಗಿ ಎತ್ತು ಕೊಳ್ಳಲು ಬಂದವರಿಗೆ ‘ಮೊದಲು ಪಳಗಿದ ಜೋಡಿ ತಗೊಳ್ಳಿ, ಮಿಂಚೋ ಹೋರಿ ನೋಡಿ ಮರುಳಾಗಬೇಡಿ’ ಎಂದು ವರ್ಷ ವರ್ಷ ಬುದ್ಧಿ ಹೇಳಿದವನು ನಾನೇ. ಬುದ್ಧಿಯೆಲ್ಲ ಹಂಚಿ ಮುಗಿದಿತ್ತೋ ಏನೋ. “ಬ್ರೇಕ್ ಎಲ್ಲಿದೆ?” ಎಂದು ಕೇಳಿದೆ. ಮ್ಯಾನೇಜರು ನನ್ನ ಮುಖವನ್ನು ಮರುಕದಿಂದ ನೋಡಿ, “ದೋಣಿಗೆ ಬ್ರೇಕ್ ಇರೋದಿಲ್ಲ ಸರ್. ಈ ಲಿವರ್ ಮುಂದೆ ತಳ್ಳಿದರೆ ವೇಗ, ಹಿಂದೆ ಎಳೆದರೆ ನಿಧಾನ. ಈ ದಾರವನ್ನು ಕೈಗೆ ಕಟ್ಟಿಕೊಳ್ಳಿ. ನೀವು ಹಾರಿ ಬಿದ್ದರೆ ಎಂಜಿನ್ ತಾನೇ ನಿಲ್ತದೆ” ಎಂದರು. ‘ಬಿದ್ದರೆ’ ಎಂದರೋ ‘ಬಿದ್ದಾಗ’ ಎಂದರೋ, ನಾನು ಗಮನಿಸಲಿಲ್ಲ.

ಲಾರಿಯಲ್ಲಿ ಮನೆಗೆ ಬಂದಿಳಿದ ಕೆಂಪು ದೋಣಿಯನ್ನು ಪದ್ಮ ಒಂದು ಸುತ್ತು ಹಾಕಿ ನೋಡಿದಳು. “ಅಲ್ಲಾ ಕಣ್ರೀ, ಸ್ಕೂಟ್ರು ಓಡ್ಸೋವಾಗ್ಲೇ ಎರಡು ಕಾಲೂ ನೆಲಕ್ಕೆ ಬುಟ್ಕಂಡು ಓಯ್ತೀರಿ. ನೀರ್ನಾಗೆ ಕಾಲ್ನ ಎಲ್ಲಿಗ್ ಬುಡ್ತೀರಿ?” ಎಂದಳು. ನೀರಿಗಿಳಿಸಲು ಅನುಮತಿ ಬೇರೆ ಬೇಕಿತ್ತು. ಅರ್ಜಿಯಲ್ಲಿ ‘ಉದ್ದೇಶ’ ಎಂದಿದ್ದ ಕಡೆ ‘ದನ ನೋಡುವುದು’ ಎಂದು ಬರೆದೆ. ಗುಮಾಸ್ತರು ಎರಡು ಸಲ ಓದಿ, “ದಡದ ಮೇಲಿನ ದನ ತಾನೇ?” ಎಂದು ಖಚಿತಪಡಿಸಿಕೊಂಡು ಮುಂದಕ್ಕೆ ಕಳಿಸಿದರು.

ನಮ್ಮ ದಡದಲ್ಲಿ ಹರಿಗೋಲಿನಲ್ಲಿ ಮೀನು ಹಿಡಿಯುವ ಬೋರಯ್ಯ ನನಗೆ ಹಿನ್ನೀರಿನ ಪಾಠ ಹೇಳಲು ಬಂದ. “ಇಲ್ಲಿ ಮೊದ್ಲು ಗದ್ದೆ ಇದ್ದೋ ಸಾರ್. ಬದು, ತೆವರಿ ದಿಬ್ಬ ಎಲ್ಲಾ ಅಂಗೇ ನೀರೊಳಗವೆ. ಈಗ ಬ್ಯಾಸ್ಗೆ ಬೇರೆ, ಆಚೆ ದಡದಾಗೆ ಮೊಣಕಾಲುದ್ದ ನೀರು, ಸೊಂಟದುದ್ದ ಕೆಸ್ರು. ನಿಧಾನುಕ್ ಓಗಿ” ಎಂದ. ನಾನು ತಲೆಯಾಡಿಸಿದೆ. ಆದರೆ ಕಿವಿಯೊಳಗೆ ಎಂಜಿನ್ನಿನ ಸದ್ದು ತುಂಬಿದವನಿಗೆ ಬೇರೆ ಮಾತು ಎಲ್ಲಿ ಕೇಳಿಸುತ್ತದೆ?

ಒಂದು ವಾರ ದಡದ ಪಕ್ಕದಲ್ಲೇ ಆಮೆಯ ಹಾಗೆ ಓಡಾಡಿಸಿ ಅಭ್ಯಾಸ ಮಾಡಿದೆ. ಎಂಟನೆಯ ದಿನ ಬೆಳಿಗ್ಗೆ ಆಚೆ ದಡದ ಚಿಕ್ಕತಾಯಮ್ಮನ ಫೋನು ಬಂತು. ಎರಡು ಹಸು ಸಾಕಿಕೊಂಡು ಡೇರಿಗೆ ಹಾಲು ಹಾಕುವ ಹೆಂಗಸು. “ಬಿರ್ರನೆ ಬನ್ನಿ ಸಾ, ಗೌರಿ ಈಯಕ್ ಆಗ್ದೆ ಒದ್ದಾಡ್ತಾವಳೆ. ತಲೆ ಕಾಣ್ತೈತೆ, ಒಂದು ಕಾಲು ಬಂದೈತೆ, ಇನ್ನೊಂದು ಇಲ್ಲ!” ಕರುವಿನ ಮುಂಗಾಲು ಒಳಗೆ ಮಡಚಿಕೊಂಡಿದೆ ಎಂದು ಅರ್ಥ. ತಡವಾದರೆ ಕರುವೂ ಇಲ್ಲ, ತಾಯಿಯೂ ಇಲ್ಲ. ಚೀಲ ಹಿಡಿದು ಓಡಿ ದೋಣಿ ಹತ್ತಿದೆ, ದಾರವನ್ನು ಕೈಗೆ ಕಟ್ಟಿಕೊಂಡೆ, ಲಿವರನ್ನು ಮುಂದೆ ತಳ್ಳಿದೆ.

ಅಯ್ಯೋ, ಆ ಸುಖವನ್ನು ಹೇಗೆ ಹೇಳಲಿ! ದೋಣಿಯ ಮೂಗು ಆಕಾಶಕ್ಕೆದ್ದಿತು, ನಾನು ಸೀಟಿಗೆ ಅಂಟಿಕೊಂಡೆ. ಮರುಗಳಿಗೆಗೆ ಮೂಗು ಇಳಿದು, ದೋಣಿ ನೀರನ್ನು ಮುಟ್ಟಿಯೂ ಮುಟ್ಟದ ಹಾಗೆ ಹಾರತೊಡಗಿತು. ಬೆಳ್ಳಕ್ಕಿಗಳು ದಾರಿ ಬಿಟ್ಟವು. ಕಣ್ಣಲ್ಲಿ ನೀರು, ಬಾಯಲ್ಲಿ ಗಾಳಿ. ಮೂವತ್ತು ವರ್ಷ ನನ್ನನ್ನು ಹಿಂದೆ ಹಾಕಿದ ಸೈಕಲ್ಲುಗಳು, ಹಾಲಿನ ವ್ಯಾನುಗಳು, ಒಂದು ಸಲ ಒಂದು ಎತ್ತಿನ ಗಾಡಿ, ಎಲ್ಲವನ್ನೂ ನಾನು ಆ ನಾಲ್ಕು ನಿಮಿಷದಲ್ಲಿ ಹಿಂದೆ ಹಾಕಿದೆ. ಕೂಗಿದೆ ಕೂಡ. ಏನೆಂದು ಕೂಗಿದೆನೋ ತಿಳಿಯದು, ಪಶುವೈದ್ಯರು ಕೂಗುವಂಥ ಮಾತಲ್ಲ. ದಡದಲ್ಲಿ ಸೆರಗು ಬೀಸುತ್ತಿದ್ದ ಚಿಕ್ಕತಾಯಮ್ಮ ಸಣ್ಣಗೆ ಕಂಡವಳು ನೋಡನೋಡುತ್ತ ದೊಡ್ಡವಳಾದಳು. ಲಿವರನ್ನು ಹಿಂದಕ್ಕೆ ಎಳೆಯಬೇಕು ಎಂದುಕೊಳ್ಳುತ್ತಿದ್ದಂತೆ ದೋಣಿಯ ತಳ ಯಾವುದೋ ಮುಳುಗಿದ ಬದುವಿಗೆ ಬಡಿದು, ಜಾರಿ, ಕೆಸರಿನೊಳಗೆ ಭಸಕ್ಕನೆ ಮೂಗು ತೂರಿ ನಿಂತಿತು. ನಾನು ನಿಲ್ಲಲಿಲ್ಲ. ಗಾಜಿನ ಮೇಲಿಂದ ಹಾರಿ ಮುಂಭಾಗದ ಮೇಲೆ ಬೋರಲಾಗಿ ಬಿದ್ದೆ. ಕೈದಾರ ಕಿತ್ತು ಎಂಜಿನ್ ನಿಂತಿತು. ದಡ ಇನ್ನೂ ನೂರು ಹೆಜ್ಜೆ. ಇಳಿದರೆ ಸೊಂಟದವರೆಗೆ ಹೂತುಕೊಳ್ಳುವ ಕೆಸರು.

ದಡದಿಂದ ಚಿಕ್ಕತಾಯಮ್ಮ ಕೂಗಿದಳು: “ಆಮೇಲ್ ಮನೀಕಳಿ ಸಾ, ಬನ್ನಿ ಬಿರ್ರನೆ!”

ಪುಣ್ಯಕ್ಕೆ ಬೋರಯ್ಯ ಅಲ್ಲೇ ಹತ್ತಿರದಲ್ಲಿ ಬಲೆ ಎತ್ತುತ್ತಿದ್ದ. ಹರಿಗೋಲನ್ನು ಆ ಅಂಗೈಯಷ್ಟು ನೀರಿನ ಮೇಲೆ ತೇಲಿಸಿಕೊಂಡು ಬಂದು, ಮೀನುಗಳ ಪಕ್ಕದಲ್ಲಿ ನನಗೆ ಜಾಗ ಕೊಟ್ಟು, ದಡ ಸೇರಿಸಿದ. ಆಮೇಲಿನದು ನನಗೆ ಗೊತ್ತಿದ್ದ ಕೆಲಸ. ಕೈ ತೊಳೆದು, ಎಣ್ಣೆ ಹಚ್ಚಿಕೊಂಡು, ಕರುವನ್ನು ಮೆಲ್ಲಗೆ ಒಳಕ್ಕೆ ತಳ್ಳಿ, ಮಡಚಿದ ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ಮುಂದಕ್ಕೆ ತಂದೆ. ಗೌರಿ ತಿಣುಕಿದಾಗ ನಾನೂ ಬೋರಯ್ಯನೂ ಕರುವಿನ ಕಾಲಿಗೆ ಬಿಗಿದ ಹಗ್ಗ ಎಳೆದೆವು. ಹೊರಬಂದ ಕರುವಿಗೆ ಉಸಿರಿರಲಿಲ್ಲ. ಚಿಕ್ಕತಾಯಮ್ಮನ ಮುಖ ನೋಡಲಾಗದೆ ಹುಲ್ಲಿನಿಂದ ಕರುವಿನ ಎದೆಯನ್ನು ತಿಕ್ಕಿದೆ, ಮೂಗಿಗೆ ಹುಲ್ಲುಕಡ್ಡಿ ತೂರಿಸಿದೆ. ಒಂದು ಸೀನು ಬಂತು! ನನ್ನ ಮುಖದ ತುಂಬ ಬಂತು. ಅಷ್ಟು ಒಳ್ಳೆಯ ಸೀನನ್ನು ನಾನು ಕೇಳಿಯೇ ಇರಲಿಲ್ಲ. “ಎಣ್ಗರು ಕಣ್ ಸಾ” ಎಂದು ಚಿಕ್ಕತಾಯಮ್ಮ ಅತ್ತಳು. “ಇನ್ನೊಂದ್ ಗಳ್ಗೆ ತಡ ಆಗಿದ್ರೆ ಓಗ್ಬುಡೋದು.” ನಾನು ಬೋರಯ್ಯನ ಕಡೆ ಗೆದ್ದವನಂತೆ ನೋಡಿದೆ. ಅವನೂ ನನ್ನ ಕಡೆ ಹಾಗೆಯೇ ನೋಡುತ್ತಿದ್ದ.

ಮಧ್ಯಾಹ್ನ ಬೋರಯ್ಯ ಊರವರನ್ನು ಕರೆದು ದೋಣಿಯನ್ನು ಕೆಸರಿನಿಂದ ಬಿಡಿಸಿದ. ಎಂಜಿನ್ನು ಕೆಸರು ಕುಡಿದು ಮೌನವಾಗಿತ್ತು. ಹರಿಗೋಲಿಗೆ ಹಗ್ಗ ಬಿಗಿದು ಎಳೆದುಕೊಂಡು ಹೊರಟ. ಮುಂದೆ ಹರಿಗೋಲು, ಹಿಂದೆ ಕೆಂಪು ದೋಣಿಯಲ್ಲಿ ನೆಟ್ಟಗೆ ಕೂತ ನಾನು. ಹೋಗುವಾಗ ನಾಲ್ಕು ನಿಮಿಷ ಹಿಡಿದ ದಾರಿಗೆ ಬರುವಾಗ ಮೂರು ಗಂಟೆ ಹಿಡಿಯಿತು. ನಮ್ಮ ದಡದಲ್ಲಿ ಆಗಲೇ ಹತ್ತಿಪ್ಪತ್ತು ಜನ ಸೇರಿದ್ದರು, ನಡುವೆ ಸೊಂಟದ ಮೇಲೆ ಕೈಯಿಟ್ಟು ಪದ್ಮ. “ಸ್ಟೇರಿಂಗ್ ಬುಟ್ಬುಡಿ ಸಾರ್, ನಾನ್ ಎಳೀತಾವ್ನಲ್ಲ” ಎಂದು ಬೋರಯ್ಯ ತಿರುಗಿ ಹೇಳಿದ. ನಾನು ಬಿಡಲಿಲ್ಲ. ದಡ ಹತ್ತಿರವಾದಾಗ, ಸತ್ತಿದ್ದ ಎಂಜಿನ್ನಿನ ಲಿವರನ್ನು ಎಲ್ಲರಿಗೂ ಕಾಣುವ ಹಾಗೆ ಮೆಲ್ಲಗೆ ಹಿಂದಕ್ಕೆಳೆದು, ವೇಗ ಕಡಿಮೆ ಮಾಡಿದೆ.