ಪುಂಡಿಪಲ್ಯಕ್ಕೊಂದು ಹೀಟರ್

ಕುವೈತ್‌ನಲ್ಲಿದ್ದು ಹೀಟರ್ ಕೊಂಡೆ ಎಂದರೆ ಊರಿನವರು ನಗುತ್ತಾರೆ. "ಅಲ್ಲಿ ಕಾರಿನ ಮೇಲೆ ಹಪ್ಪಳ ಸುಡಬಹುದಂತಲ್ಲ?" ಎನ್ನುತ್ತಾರೆ. ಸುಡಬಹುದು, ಜುಲೈನಲ್ಲಿ. ಜನವರಿಯಲ್ಲಿ ಮರಳುಗಾಡಿನ ಗಾಳಿ ಬೀಸತೊಡಗಿದರೆ ಬಾಲ್ಕನಿಯಲ್ಲಿ ಒಣಹಾಕಿದ ಬನಿಯನ್ನೂ ನಡುಗುತ್ತದೆ. ಇನ್ನು ನನ್ನಂಥವನು ಹೀಟರ್ ಕೊಂಡರೆ ಅದು ಸುಮ್ಮನೆ ಬಿಸಿಯಾಗಿ ಆರುವುದಿಲ್ಲ, ಏನಾದರೊಂದು ರಾಮಾಯಣ ಮಾಡಿಯೇ ಆರುತ್ತದೆ.

ನಾನು ಬಾಗಲಕೋಟೆ ಕಡೆಯವನು. ಆಗ ಮಂಗಫ್‌ನಲ್ಲಿ ಮನೆ, ರಿಫೈನರಿಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್ ಕೆಲಸ. ಯಾವುದು ಎಷ್ಟು ಬಿಸಿಯಾಗಿದೆ ಎಂದು ನೋಡುವುದೇ ನನ್ನ ಹೊಟ್ಟೆಪಾಡು. ಆ ಚಳಿಗಾಲ ನನ್ನ ಹೆಂಡತಿ ಐದು ತಿಂಗಳ ಬಸುರಿ. ಚೊಚ್ಚಲು, ತವರು ಸಮುದ್ರದಾಚೆ. ಅವಳಿಗೆ ಹುಟ್ಟಿದ ಬಯಕೆ ಮಾವಿನಕಾಯಿಯದಲ್ಲ, ಪುಂಡಿಪಲ್ಯದ್ದು. ನಮ್ಮ ಕಡೆ ರೊಟ್ಟಿಯ ಜೊತೆ ತಿನ್ನುವ ಹುಳಿ ಸೊಪ್ಪು ಅದು. ಆಂಧ್ರದವರು ಅದನ್ನೇ ಗೋಂಗುರ ಎನ್ನುತ್ತಾರೆಂದು ಒಂದು ಬಾಟಲಿ ತಂದುಕೊಟ್ಟೆ. "ಇದು ಉಪ್ಪಿನಕಾಯಿರಿ. ನಂಗ ಪಲ್ಯ ಬೇಕು," ಎಂದು ಬಾಟಲಿ ಸರಿಸಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಎರಡು ತುತ್ತು ಉಂಡರೆ ಮೂರನೆಯದು ಒಳಗೆ ಇಳಿಯುತ್ತಿರಲಿಲ್ಲ. ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು.

ಊರಿಂದ ಬರುವವರ ಕೈಯಲ್ಲಿ ಅತ್ತೆ ಪುಂಡಿ ಬೀಜ ಕಳಿಸಿದರು. ಟ್ರೇಯಲ್ಲಿ ಮಣ್ಣು ತುಂಬಿ ಬಿತ್ತಿದೆವು. ಚಳಿಗೆ ಒಂದು ಬೀಜವೂ ಕಣ್ಣು ಬಿಡಲಿಲ್ಲ. ಉಳಿದದ್ದು ಒಂದು ಚಿಟಿಕೆ. ಅದೂ ಹೋದರೆ ಬಯಕೆಗೆ ಎಳ್ಳುನೀರು.

ಸೈಜು

ಹಾವು, ಓತಿ ಸಾಕುವವರು ಗಾಜಿನ ಪೆಟ್ಟಿಗೆಯ ಅಡಿಗೆ ಬಿಸಿ ಮ್ಯಾಟ್ ಹಾಸುತ್ತಾರೆ, ಸಸಿಗೂ ಅದು ನಡೆಯುತ್ತದೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದರು. ಹುಡುಕಿಕೊಂಡು ಸಾಲ್ಮಿಯಾದ ಸಾಕುಪ್ರಾಣಿಗಳ ಅಂಗಡಿಗೆ ಹೋದೆ. ಮ್ಯಾಟ್ ಎಂದರೆ ತೆಳ್ಳನೆಯ ರಬ್ಬರ್ ಹಾಸು. ಜೊತೆಗೆ ಪ್ಲಗ್ಗಿಗೆ ಸಿಕ್ಕಿಸುವ ಥರ್ಮೋಸ್ಟಾಟ್, ಅದರಿಂದ ಹೊರಟ ತಂತಿಯ ತುದಿಗೆ ಶೇಂಗಾಬೀಜದಷ್ಟು ಸೆನ್ಸರ್. ಸೆನ್ಸರನ್ನು ಮಣ್ಣಿನಲ್ಲಿ ಹೂತು, ಎಷ್ಟು ಕಾವು ಬೇಕೋ ಅಷ್ಟಕ್ಕೆ ಇಟ್ಟರೆ ಮ್ಯಾಟ್ ತಾನೇ ಹತ್ತುತ್ತದೆ, ತಾನೇ ಆರುತ್ತದೆ.

ಅಂಗಡಿಯವನು ಈಜಿಪ್ಟಿನವನು. ನನ್ನ ಹರಕು ಅರಬ್ಬಿಗೆ ಅವನ ಹರಕು ಇಂಗ್ಲಿಷ್ ಜೋಡಿ.

"ಯಾವ ಪ್ರಾಣಿಗೆ?" ಎಂದ.

"ಪ್ರಾಣಿಗಲ್ಲ, ಸೊಪ್ಪಿಗೆ."

"ಸೊಪ್ಪು ತಿನ್ನುವ ಪ್ರಾಣಿಗೆ?"

"ಅಲ್ಲಪ್ಪ. ಸೊಪ್ಪು ತಿನ್ನುವುದು ನನ್ನ ಹೆಂಡತಿ."

ಅವನು ನನ್ನನ್ನು ನೋಡಿದ. ಕೈಯಲ್ಲಿದ್ದ ಮ್ಯಾಟನ್ನು ನೋಡಿದ. ಅದನ್ನು ಮಡಚಿ ಒಳಗಿಟ್ಟು ಬಹಳ ಮರ್ಯಾದೆಯಿಂದ ಹೇಳಿದ: "ಹಾಗಾದರೆ ಈ ಸೈಜು ಸಾಲುವುದಿಲ್ಲ, ಸರ್. ದೊಡ್ಡದು ಕೊಡುತ್ತೇನೆ."

ಮೂವತ್ತೇಳು ಡಿಗ್ರಿ

ನಮ್ಮದು ಮೊದಲನೇ ಮಹಡಿ. ಬಾಲ್ಕನಿಯ ಮೂಲೆಯಲ್ಲಿ ನೆಲದ ಮೇಲೆ ಹಲಗೆ ಹಾಕಿ, ಅದರ ಮೇಲೆ ಮ್ಯಾಟ್, ಮ್ಯಾಟಿನ ಮೇಲೆ ಉಳಿದ ಬೀಜ ಬಿತ್ತಿದ ಟ್ರೇ ಇಟ್ಟೆ. ಗಾಳಿ ತಾಗದಂತೆ ಸುತ್ತ ಸ್ಟೂಲು ನಿಲ್ಲಿಸಿ ಅತ್ತೆ ಹೊಲಿದ ಕೌದಿ ಹೊದಿಸಿದೆ. ಥರ್ಮೋಸ್ಟಾಟ್ ಮಾತ್ರ ಒಳಗೆ, ಹಾಲ್‌ನ ಪ್ಲಗ್ಗಿನಲ್ಲಿ. ಸೋಫಾದ ಮೇಲೆ ಕೂತು ರಿಫೈನರಿಯ ಕಂಟ್ರೋಲ್ ರೂಮಿನ ಗತ್ತಿನಲ್ಲಿ ರೀಡಿಂಗ್ ನೋಡುತ್ತಿದ್ದೆ. ಇಪ್ಪತ್ತೇಳಕ್ಕೆ ಇಟ್ಟರೆ ಇಪ್ಪತ್ತೇಳೇ. ಮೊಳಕೆಯೂ ಬಂತು. ಹೆಂಡತಿ ದಿನಾ ಕೌದಿ ಎತ್ತಿ ಮೊಳಕೆ ಮಾತಾಡಿಸಿ ಬರುತ್ತಿದ್ದಳು, ಆ ಖುಷಿಗೆ ಒಂದು ರೊಟ್ಟಿ ಹೆಚ್ಚೇ ತಿನ್ನುತ್ತಿದ್ದಳು.

ಒಂದು ದಿನ ಕೆಲಸದಿಂದ ಬಂದು ನೋಡಿದರೆ ಮೂವತ್ತೇಳು! ಮ್ಯಾಟ್ ಆರಿದೆ, ಆದರೂ ಮೂವತ್ತೇಳು. ಪ್ಲಗ್ ಕಿತ್ತೆ, ಹಾಕಿದೆ. ಥರ್ಮೋಸ್ಟಾಟಿನ ಬೆನ್ನಿಗೆ ಎರಡು ಬಡಿದೆ. ಮೂವತ್ತೇಳು ಮೂವತ್ತೇಳೇ.

"ಒಮ್ಮೆ ಕೌದಿ ಎತ್ತಿ ನೋಡ್ರಿ," ಎಂದಳು ಹೆಂಡತಿ.

"ಇದು ಸೆನ್ಸರ್ ಕೆಟ್ಟ ಲಕ್ಷಣ. ಕೌದಿ ಎತ್ತಿದ್ರ ಏನ್ ಕಾಣತೈತಿ? ಇದಕ್ಕೆಲ್ಲ ಒಂದು ಪದ್ಧತಿ ಐತಿ," ಎಂದು ಸ್ಕ್ರೂಡ್ರೈವರ್ ಹುಡುಕಲು ಹೋದೆ.

ನಾನು ವಾಪಸು ಬರುವಷ್ಟರಲ್ಲಿ ಅವಳು ಬಾಲ್ಕನಿಯಲ್ಲಿ ಕೌದಿ ಎತ್ತಿ ನಿಂತಿದ್ದಳು. ಒಳಗೆ ಬಿಲ್ಡಿಂಗಿನ ಬಿಡಾಡಿ ಬೆಕ್ಕು ಟ್ರೇಗೆ ಒರಗಿ ಮಲಗಿತ್ತು. ಮಣ್ಣಿನಿಂದ ಸೆನ್ಸರ್ ಕಿತ್ತು ಹೊಟ್ಟೆಯಡಿ ಹಾಕಿಕೊಂಡು ಕಾವು ಕೊಡುತ್ತಿತ್ತು. ಒಂದು ಕಣ್ಣು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚಿತು.

"ಸೆನ್ಸಾರ ಚಲೋನ ಐತ್ರಿ," ಎಂದಳು ನನ್ನಾಕೆ. "ಬಾಲ ಒಂದು ಬಂದೈತಿ, ಅಷ್ಟ."

ವಾರ್ಡಿನಲ್ಲಿ ಇಡ್ಲಿ

ಮೇಲಿನ ಮನೆಯಲ್ಲಿ ಮೈಸೂರಿನ ದಂಪತಿ. ಆಕೆ ಆಸ್ಪತ್ರೆಯಲ್ಲಿ ಡಾಕ್ಟರ್, ಆತ ಬ್ಯಾಂಕಿನಲ್ಲಿ. ನನ್ನ ಹೆಂಡತಿಯ ಬಿ.ಪಿ. ನೋಡಿ ಹೋಗುವ ಪುಣ್ಯಾತ್ಗಿತ್ತಿ ಆ ಡಾಕ್ಟರಮ್ಮ. ಒಂದು ಸಂಜೆ ಬಂದು, "ಸರ್, ಈ ಚಳಿಗೆ ನಮ್ಮ ಇಡ್ಲಿ ಹಿಟ್ಟು ಉಬ್ತಾನೇ ಇಲ್ಲ. ನಿಮ್ಮ ಮ್ಯಾಟ್ ಒಂದು ರಾತ್ರಿ ಕೊಡ್ತೀರಾ?" ಎಂದರು. ಬಿ.ಪಿ. ನೋಡುವವರಿಗೆ ಇಲ್ಲ ಎನ್ನುವುದು ಹೇಗೆ? ಸಸಿಗಳನ್ನು ಅಡುಗೆಮನೆಗೆ ತಂದು ಇನ್ನೊಂದು ಕೌದಿ ಹೊದಿಸಿ ಮ್ಯಾಟ್ ಕೊಟ್ಟೆವು.

"ಸೆನ್ಸರ್ ಎಲ್ಲಿಡೋದು?" ಎಂದು ಕೇಳಿದರು.

"ನಾವು ಮಣ್ಣಿನ ಒಳಗ ಇಡ್ತೀವ್ರಿ," ಎಂದೆ.

ಅಲ್ಲಿಗೆ ಹಿಟ್ಟಿನ ಒಳಗೆ ಇಡಬೇಕು ಎಂದು ಅವರು ತಿಳಿದರು. ಮಣ್ಣಿನಲ್ಲಿದ್ದದ್ದು, ಮೇಲಾಗಿ ಬೆಕ್ಕಿನ ಹೊಟ್ಟೆಯಡಿ ಇದ್ದದ್ದು, ಹಾಗೇ ಇಟ್ಟರೆ ಡಾಕ್ಟರ್ ಹೇಗಾದಾರು? ಆಪರೇಷನ್‌ಗೆ ಮೊದಲು ಕೈ ತೊಳೆಯುವ ಔಷಧದಲ್ಲಿ ಚೆನ್ನಾಗಿ ನೆನೆಸಿ ಹಿಟ್ಟಿಗೆ ಇಳಿಬಿಟ್ಟರು.

ಮರುದಿನ ಒಂದು ತಟ್ಟೆ ಇಡ್ಲಿ ಬಂತು. ಹತ್ತಿಯಂತೆ ಮೃದು. ಬಾಯಿಗಿಟ್ಟರೆ ಆಪರೇಷನ್ ಥಿಯೇಟರ್. ನನ್ನ ಹೆಂಡತಿ ಮೂಗು ಹಿಡಿದುಕೊಂಡು ಒಳಗೆ ಓಡಿದಳು. ಔಷಧ ಹಿಟ್ಟಿಗಿಳಿದ ಕಥೆ ಗೊತ್ತಾದದ್ದು ತಟ್ಟೆ ವಾಪಸು ಕೊಡಲು ಹೋದಾಗ.

"ಹೇಗಿತ್ತು?" ಎಂದು ಬ್ಯಾಂಕಿನ ಯಜಮಾನರು ಮೆಲ್ಲಗೆ ಕೇಳಿದರು.

"ಬಾಳ ಮೆತ್ತಗಿತ್ರಿ," ಎಂದೆ.

ಅವರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ಸುಳ್ಳು ಹೇಳ್ಬೇಡಿ ಸರ್. ನಮ್ಮನೇಲಿ ಇಡ್ಲಿ ಇನ್ನೂ ವಾರ್ಡಲ್ಲೇ ಇದೆ. ಡಿಸ್ಚಾರ್ಜ್ ಆಗಿರೋದು ಚಟ್ನಿ ಒಂದೇ."

ಆಮೆಯ ಬಾಣಂತನ

ನಮ್ಮ ವಿಭಾಗದ ಮುದೀರ್, ಅಂದರೆ ಮ್ಯಾನೇಜರ್, ಕುವೈತಿ ಮನುಷ್ಯ. ದೊಡ್ಡ ದನಿ, ಬೆಣ್ಣೆಯಂಥ ಮನಸ್ಸು. ಅವರ ಮಗಳು ಸಾಕಿದ ಆಮೆ ಚಳಿಗೆ ಚಿಪ್ಪಿನೊಳಗೆ ಸೇರಿದ್ದು ಹೊರಗೆ ಬರುತ್ತಿಲ್ಲ, ಮಗಳ ಅಳು ನಿಲ್ಲುತ್ತಿಲ್ಲ.

"ಮುಹಂದಿಸ್," ಎಂದರು. ಖುಷಿಯಾದಾಗಲೂ ಕಷ್ಟ ಬಂದಾಗಲೂ ಅವರು ನನ್ನನ್ನು ಇಂಜಿನಿಯರ್ ಎಂದೇ ಕರೆಯುತ್ತಿದ್ದರು. "ನಿನ್ನ ಹತ್ತಿರ ಬಿಸಿ ಮಾಡುವ ಯಂತ್ರ ಇದೆಯಂತೆ. ಯಲ್ಲಾ, ಬೇಗ ಕೊಡು."

ಮನೆಗೆ ಬಂದು ಹೇಳಿದರೆ ಹೆಂಡತಿ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಮ್ಯಾಟ್ ಇನ್ನ ಹೊಸ್ತಿಲಾ ದಾಟಂಗಿಲ್ಲ. ಬೇಕಾದ್ರ ಆಮಿನ್ನ ಇಲ್ಲೇ ತಂದಿಡ್ರಿ."

ಆಮೆ ಬಂತು. ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮ್ಯಾಟಿನ ಅರ್ಧಕ್ಕೆ ಅದನ್ನು ಸರಿಸಿದೆವು, ಇನ್ನರ್ಧದಲ್ಲಿ ಪುಂಡಿ. ಸಸಿ ಆಗಲೇ ಗೇಣುದ್ದ ಬೆಳೆದಿತ್ತು. ಶುಕ್ರವಾರ ರಜೆ, ಅಂದೇ ಪಲ್ಯ ಎಂದು ನಿಶ್ಚಯವಾಯಿತು.

ಶುಕ್ರವಾರ ಬೆಳಿಗ್ಗೆ ಹೆಂಡತಿ ಬುಟ್ಟಿ ಹಿಡಿದು ಬಾಲ್ಕನಿಗೆ ಹೋದಳು. ಆಮೆ ಎಚ್ಚರವಾಗಿತ್ತು. ರಟ್ಟು ಹರಿದು ಹೊರಗೆ ಬಂದು ಟ್ರೇಯಲ್ಲಿ ಮುಂಗಾಲು ಊರಿತ್ತು. ಮಣ್ಣಿನಲ್ಲಿ ಬರೀ ಮೋಟು ದಂಟುಗಳು. ಕೊನೆಯ ಎಲೆ ಅದರ ಬಾಯಲ್ಲಿತ್ತು. ಹೆಂಡತಿ ಬುಟ್ಟಿ ಬಿಟ್ಟು ಅಲ್ಲೇ ಕುಸಿದು ಕೂತು ಅಳತೊಡಗಿದಳು. ಆಮೆ ಅವಳನ್ನೇ ನೋಡುತ್ತ ನಿಧಾನವಾಗಿ ಅಗಿಯಿತು.

ಅದೇ ಹೊತ್ತಿಗೆ ಮುದೀರ್ ಬಂದರು. "ಮಾಶಾ ಅಲ್ಲಾ! ತಿನ್ನುತ್ತಿದೆ! ಏನು ಔಷಧಿ ಕೊಟ್ಟೆ?"

"ಔಷಧಿಯಲ್ಲ, ಸರ್. ನನ್ನ ಹೆಂಡತಿಯ ಬಯಕೆಯ ಸೊಪ್ಪು."

ಅವರ ಮುಖ ಬಿಳಿಚಿತು. ಅರಬರಲ್ಲೂ ಬಯಕೆಯ ನಂಬಿಕೆ ಇದೆ, ವಹಮ್ ಎನ್ನುತ್ತಾರೆ. ಬಸುರಿ ಬಯಸಿದ್ದು ಸಿಗದಿದ್ದರೆ ಆ ವಸ್ತುವಿನದೇ ಮಚ್ಚೆ ಮಗುವಿನ ಮೈಮೇಲೆ ಮೂಡುತ್ತದಂತೆ. ಮುದೀರ್ ತಲೆಯ ಮೇಲೆ ಕೈಯಿಟ್ಟುಕೊಂಡರು. "ಎಲೆಯ ಮಚ್ಚೆಯಾದರೆ ಚಿಂತೆಯಿರಲಿಲ್ಲ, ಮುಹಂದಿಸ್. ಆದರೆ ಎಲೆ ಈಗ ಆಮೆಯ ಒಳಗಿದೆಯಲ್ಲ!"

ಮರುದಿನ ವಫ್ರಾದಲ್ಲಿದ್ದ ಅವರ ತೋಟದಿಂದ ಒಂದು ಪಿಕಪ್ ತುಂಬ ಸೊಪ್ಪು ಬಂತು. ಪುದೀನ, ಪಾಲಕ್, ಸಬ್ಬಸಿಗೆ, ಕೊತ್ತಂಬರಿ, ಹೆಸರೇ ಗೊತ್ತಿಲ್ಲದ ಇನ್ನೂ ಏನೇನೋ. ಪುಂಡಿ ಒಂದಿರಲಿಲ್ಲ. ಇಡೀ ಬಿಲ್ಡಿಂಗ್ ಒಂದು ವಾರ ಮೇಯಿತು.

ನಾನು ಮೋಟು ದಂಟುಗಳನ್ನು ಕೀಳದೆ ಮ್ಯಾಟ್ ಹಾಕಿಯೇ ಇಟ್ಟೆ. ದೇವರು ದೊಡ್ಡವನು, ಗಿಣ್ಣಿನಲ್ಲಿ ಮತ್ತೆ ಚಿಗುರು ಬಂತು. ಕೊನೆಗೊಂದು ದಿನ ಪುಟ್ಟ ಬೋಗುಣಿಯಷ್ಟು ಪಲ್ಯವಾಯಿತು. ಅವಳು ನೆಲದ ಮೇಲೆ ಕೂತು, ಕಣ್ಣು ಮುಚ್ಚಿ, ಬೋಗುಣಿ ಒರೆಸಿ ಒರೆಸಿ ಉಂಡಳು. ನನಗೆ ಸಿಕ್ಕಿದ್ದು ಸೌಟಿಗೆ ಅಂಟಿದ್ದಷ್ಟೇ. ಆದರೂ ಅವಳ ಮುಖ ನೋಡಿ ನನ್ನ ಹೊಟ್ಟೆಯೂ ತುಂಬಿತು.

ಮುದೀರ್‌ಗೆ ಮಾತ್ರ ಸಮಾಧಾನವಿಲ್ಲ. "ಮೊದಲು ತಿಂದದ್ದು ಆಮೆ," ಎಂದು ಕಂಡಾಗಲೆಲ್ಲ ನಿಟ್ಟುಸಿರು ಬಿಡುತ್ತಿದ್ದರು. ಅತ್ತ ಫೋನಿನಲ್ಲಿ ಅತ್ತೆಯದು ಬೇರೆ ರಾಗ: "ಬಯಕಿ ತೀರ್ಸೂದು ತಡಾ ಆತಲ್ರೀ. ಕೂಸಿನ ಕಿವಿ ಸೋರಿದ್ರ ಏನ್ ಮಾಡೂದು?"

ವಸಂತದಲ್ಲಿ ಹೆರಿಗೆಯಾಯಿತು. ಹೆಣ್ಣುಮಗು. ಬಾಣಂತನಕ್ಕೆಂದು ಬಂದಿದ್ದ ಅತ್ತೆ ಆಸ್ಪತ್ರೆಯ ತೊಟ್ಟಿಲಿಗೆ ಬಗ್ಗಿದವರೇ ಎರಡೂ ಕಿವಿ ಮಡಚಿ ಮಡಚಿ ನೋಡಿದರು. ಅಷ್ಟರಲ್ಲಿ ಮುದೀರ್ ತಮ್ಮ ಹೆಂಡತಿಯೊಡನೆ ಚಾಕಲೇಟಿನ ದೊಡ್ಡ ತಟ್ಟೆ ಹಿಡಿದು ಬಂದರು. ತಟ್ಟೆ ನನ್ನ ಕೈಗಿಟ್ಟು ನೇರ ತೊಟ್ಟಿಲ ಬಳಿ ಹೋದರು. ಅವರ ಹೆಂಡತಿ ಮಗುವಿನ ಬಟ್ಟೆ ಸರಿಸಿ ಮೆಲ್ಲಗೆ ಮಗ್ಗುಲಾಗಿಸಿದರು. ಮುದೀರ್ ಕನ್ನಡಕ ಏರಿಸಿಕೊಂಡು ಬಗ್ಗಿ ಬೆನ್ನು ನೋಡಿದರು. ಒಂದು ಬೆರಳಿನಿಂದ ಮುಟ್ಟಿಯೂ ನೋಡಿದರು.

"ಅಲ್‌ಹಮ್ದುಲಿಲ್ಲಾ!" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿದರು. "ಮೆತ್ತಗಿದೆ! ಚಿಪ್ಪಿಲ್ಲ!"

ಮಂಚದ ಮೇಲಿಂದ ನನ್ನ ಹೆಂಡತಿಯ ದನಿ ಬಂತು: "ಒಬ್ರು ಕಿವಿ ನೋಡ್ತೀರಿ, ಒಬ್ರು ಬೆನ್ನ ನೋಡ್ತೀರಿ. ಯಾರರ ಒಬ್ರು ನನ್ನ ಕೂಸಿನ ಮಾರಿ ನೋಡ್ರೆವಾ!"